ಬುಡದಲ್ಲಿ ಬಾಗಿದ ಮರಗಳು

ಪ್ರಶ್ನೆ: ಬೆಟ್ಟಕ್ಕಾಗಲಿ ಕಾಡಿಗಾಗಲಿ ಹೋದಾಗ ನನ್ನ ಕಣ್ಣು ಅಲ್ಲಿನ ಅಂದವನ್ನು ಬಿಟ್ಟು, ಹೊಂದಿಕೆಯಾಗದ ಯಾವುದೋ ಒಂದರ ಮೇಲೆ ಹೋಗಿ ನಿಲ್ಲುತ್ತದೆ. ಇಳಿಜಾರಿನಲ್ಲಿ ಒಂದೇ ದಿಕ್ಕಿಗೆ ಬುಡ ಬಾಗಿಸಿ ನಿಂತ ಮರಗಳು, ಹಸಿರಿನ ನಡುವೆ ಒಣಗಿ ನಿಂತ ಒಂದು ಗುಂಪು, ಇಂಥವನ್ನು ಕಂಡರೆ ಕಾರಣ ತಿಳಿಯದೆ ಕಸಿವಿಸಿಯಾಗುತ್ತದೆ. ಜೊತೆಗಿದ್ದವರು ‘ನಿನಗೆ ಎಲ್ಲದರಲ್ಲೂ ಕೊಂಕೇ ಕಾಣುತ್ತದೆ’ ಎನ್ನುತ್ತಾರೆ. ಇದು ನನ್ನ ನೋಟದ ದೋಷವೇ?

ಉತ್ತರ: ದೋಷವೆಂದು ನಾನು ಖಂಡಿತ ಹೇಳಲಾರೆ. ನೀವು ಹೇಳಿದ ಎರಡು ನೋಟಗಳಿಗೂ ಎಷ್ಟೋ ಕಡೆ ನೆಲದಲ್ಲೇ ಕಾರಣವಿರುತ್ತದೆ.

ಮೊದಲು ಬಾಗಿದ ಮರಗಳನ್ನೇ ತೆಗೆದುಕೊಳ್ಳೋಣ. ಗಿಡವು ಭೂಮಿಯ ಸೆಳೆತವನ್ನು ಗ್ರಹಿಸಿ ಅದಕ್ಕೆ ಎದುರಾಗಿ ಮೇಲಕ್ಕೆ ಬೆಳೆಯುತ್ತದೆ. ಇಳಿಜಾರಿನ ಮೇಲ್ಮಣ್ಣು ನೆನೆದು ಉಬ್ಬುತ್ತ, ಒಣಗಿ ಕುಗ್ಗುತ್ತ, ವರ್ಷಕ್ಕೆ ಕೆಲವೇ ಮಿಲಿಮೀಟರ್‌ನಷ್ಟು ಕೆಳಕ್ಕೆ ಸರಿದರೂ ಬೇರಿನೊಂದಿಗೆ ಬುಡ ವಾಲುತ್ತದೆ; ತುದಿ ಮಾತ್ರ ಮತ್ತೆ ಮತ್ತೆ ನೆಟ್ಟಗಾಗುತ್ತ ಹೋಗುತ್ತದೆ. ದಶಕಗಳು ಕಳೆದಾಗ ಕಾಂಡದ ಕೆಳಭಾಗ ಕುಡುಗೋಲಿನಂತೆ ಬಾಗಿ, ಮೇಲ್ಭಾಗ ನೇರವಾಗಿ ನಿಂತಿರುತ್ತದೆ. ಅಂಥ ಮರವನ್ನು ಅಡ್ಡಲಾಗಿ ಕೊಯ್ದರೆ ವರ್ಷಕ್ಕೊಂದರಂತೆ ಮೂಡಿದ ಉಂಗುರಗಳು ಒಂದು ಬದಿಯಲ್ಲಿ ಅಗಲವಾಗಿ, ಇನ್ನೊಂದು ಬದಿಯಲ್ಲಿ ಒತ್ತೊತ್ತಾಗಿ ಕಾಣುತ್ತವೆ. ಪೈನ್ ಜಾತಿಯ ಮರಗಳಲ್ಲಿ ವಾಲಿದ ಬದಿಗೆ ಹೆಚ್ಚು ಕಟ್ಟಿಗೆ ಕೂಡಿಕೊಂಡು ಕಾಂಡವನ್ನು ಕೆಳಗಿನಿಂದ ಒತ್ತಿ ಎತ್ತುತ್ತದೆ. ಅಗಲ ಎಲೆಯ ಮರಗಳಲ್ಲಿ ಸಾಮಾನ್ಯವಾಗಿ ಮೇಲಿನ ಬದಿಗೆ ಕೂಡಿಕೊಂಡು ಹಗ್ಗದಂತೆ ಎಳೆದು ಹಿಡಿಯುತ್ತದೆ. ಇಷ್ಟು ಪಾಡುಪಟ್ಟು ನೆಟ್ಟಗಾದ ಮರವನ್ನು ಸೊಟ್ಟ ಎಂದು ಕರೆಯಲು ನನಗಂತೂ ಮನಸ್ಸು ಬಾರದು. ಎಳೆಯ ಗಿಡದ ಮೇಲೆ ಬಿದ್ದ ಹಿಮದ ಭಾರದಿಂದಲೂ, ಬೆಳಕಿನತ್ತ ಚಾಚುವುದರಿಂದಲೂ ಇಂಥ ಬಾಗು ಬರಬಹುದಾದ್ದರಿಂದ ಒಂದೇ ಮರವನ್ನು ನೋಡಿ ನೆಲ ಸರಿಯುತ್ತಿದೆ ಎಂದು ತೀರ್ಮಾನಿಸಬಾರದು.

ಒಣಗಿ ನಿಂತ ಮರಗಳ ವಿಷಯದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೋಪಾಲಿಸ್ ನದಿಯ ದಡವನ್ನು ನೆನೆಯದೆ ಇರಲಾಗದು. ಅಲ್ಲಿ ಉಬ್ಬರದ ನೀರು ಹರಿದಾಡುವ ಹಸಿರು ಜವುಗಿನ ನಡುವೆ ಸೀಡರ್ ಎಂಬ ಜಾತಿಯ ಮರಗಳು ಬೂದುಬಣ್ಣಕ್ಕೆ ತಿರುಗಿ, ತೊಗಟೆ ಕಳಚಿಕೊಂಡು, ಇಂದಿಗೂ ನಿಂತಿವೆ. ಭೂಕಂಪವೊಂದರಲ್ಲಿ ಕರಾವಳಿಯ ನೆಲ ಒಮ್ಮೆಲೇ ಕುಸಿದು, ಬೇರುಗಳಿಗೆ ಉಪ್ಪುನೀರು ನುಗ್ಗಿ ಅವು ಸತ್ತವು. ಬೇರಿನ ಕೊನೆಯ ಉಂಗುರಗಳನ್ನು ಪರೀಕ್ಷಿಸಿದವರಿಗೆ ಅವು 1699ರ ಬೆಳವಣಿಗೆಯ ಋತು ಮುಗಿದ ಮೇಲೆ, 1700ರದು ಆರಂಭವಾಗುವ ಮೊದಲು ಸತ್ತವೆಂದು ತಿಳಿಯಿತು. ಅತ್ತ ಸಾಗರದಾಚೆಯ ಜಪಾನಿನ ದಾಖಲೆಗಳಲ್ಲಿ, ಅದೇ ಚಳಿಗಾಲದಲ್ಲಿ ನೆಲ ನಡುಗದೆಯೇ ದಡಕ್ಕೆ ಬಂದಪ್ಪಳಿಸಿದ ಸುನಾಮಿಯೊಂದರ ಉಲ್ಲೇಖವಿತ್ತು. ಎರಡನ್ನೂ ಕೂಡಿಸಿ ಲೆಕ್ಕಹಾಕಿದಾಗ ಭೂಕಂಪ ಸಂಭವಿಸಿದ್ದು 1700ರ ಜನವರಿ 26ರ ರಾತ್ರಿ ಎಂದು ಗೊತ್ತಾಯಿತು. ಹಸಿರಿನ ನಡುವಿನ ಆ ಸತ್ತ ಗುಂಪನ್ನು ಕಂಡು ಯಾರೂ ತಡೆದು ನಿಲ್ಲದಿದ್ದರೆ ಈ ಲೆಕ್ಕ ಕೂಡಿಬರುತ್ತಿರಲಿಲ್ಲ.

ಕಂಡೂ ಸರಿಯಾಗಿ ಅಳೆಯದೆ ಹೋದ ಉದಾಹರಣೆಯನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಇಟಲಿಯ ವಾಯೋಂಟ್ ಜಲಾಶಯದ ಮೇಲಿನ ಟೋಕ್ ಬೆಟ್ಟದಲ್ಲಿ 1960ರಲ್ಲೇ ಸುಮಾರು 2 ಕಿಲೋಮೀಟರ್ ಉದ್ದದ ಬಿರುಕು ಕಾಣಿಸಿಕೊಂಡಿತ್ತು. ಬೆಟ್ಟ ಜಾರುವುದನ್ನು ಜಲಾಶಯದ ನೀರಿನ ಮಟ್ಟ ಏರಿಸಿ ಇಳಿಸಿ ಹತೋಟಿಯಲ್ಲಿಡಬಹುದೆಂದು ಅಲ್ಲಿನ ಎಂಜಿನಿಯರುಗಳು ನಂಬಿದ್ದರು. 1963ರ ಅಕ್ಟೋಬರ್ 9ರ ರಾತ್ರಿ ಸುಮಾರು 26 ಕೋಟಿ ಘನ ಮೀಟರ್ ಬಂಡೆ, ಮಣ್ಣು ಒಮ್ಮೆಗೇ ಜಲಾಶಯಕ್ಕೆ ಜಾರಿತು. ಅಣೆಕಟ್ಟು ಮುರಿಯಲಿಲ್ಲ; ಅದರ ಮೇಲಿಂದ ಉಕ್ಕಿ ಹಾರಿದ ನೀರು ಕೆಳಗಿನ ಊರುಗಳನ್ನು ಕೊಚ್ಚಿಕೊಂಡು ಹೋಗಿ, ಸುಮಾರು 2,000 ಮಂದಿ ಸತ್ತರು.

ಹಾಗೆಂದು ಪ್ರತಿ ಬಾಗಿದ ಮರವನ್ನು ಕಂಡು ನೀವು ಹೆದರಬೇಕಿಲ್ಲ. ಬುಡ ಬಾಗಿ ತುದಿ ನೆಟ್ಟಗಿದ್ದರೆ, ನೆಲ ಸರಿದಿದ್ದರೂ ಅದು ಬಹುಕಾಲದ ನಿಧಾನ ಚಲನೆಯಾಗಿರಬಹುದು. ಕಾಂಡ ಉದ್ದಕ್ಕೂ ನೇರವಾಗಿದ್ದೂ ಮರಗಳು ಇಡಿಯಾಗಿ ಒಂದೊಂದು ಒಂದೊಂದು ಕಡೆಗೆ ವಾಲಿದ್ದರೆ, ಅವುಗಳಿಗೆ ತಿದ್ದಿಕೊಳ್ಳಲು ಇನ್ನೂ ಸಮಯ ಸಿಕ್ಕಿಲ್ಲ; ಅಂದರೆ ನೆಲ ಇತ್ತೀಚೆಗೆ ಅಲುಗಿರಬಹುದು. ಅದರ ಜೊತೆಗೆ ಇಳಿಜಾರಿನ ಮೇಲ್ಗಡೆ ಅಂಚು ಮಾಸದ ಹೊಸ ಬಿರುಕು ಕಂಡರೆ, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಸರಾಗಿ ಹರಿದರೆ, ಜೊತೆಗಿದ್ದವರು ಕೊಂಕು ಎಂದರೂ ಸರಿಯೇ, ಅವರನ್ನೂ ಕರೆದುಕೊಂಡು ಇಳಿಜಾರಿನ ನೇರದಿಂದ ಪಕ್ಕಕ್ಕೆ ದೂರ ಸರಿಯಿರಿ. ಕೆಳಗೆ ವಾಸಿಸುವವರಿಗೂ ಸ್ಥಳೀಯ ಆಡಳಿತಕ್ಕೂ ಕೂಡಲೇ ತಿಳಿಸಿರಿ.