ಟಿಕೆಟ್ ಬುಕ್ ಆಯ್ತು ಸರಿ, ಪಾಸ್‌ಪೋರ್ಟಿನ ತಾರೀಖು ನೋಡಿದ್ರಾ?

ಪ್ರಶ್ನೆ: ಮೇಡಂ, ಮನೆಯವರೆಲ್ಲ ಸೇರಿ ಒಂಬತ್ತು ದಿನದ ಮಟ್ಟಿಗೆ ಹೊರದೇಶಕ್ಕೆ ಹೋಗಿ ಬರೋಣ ಅಂತಿದೀವಿ. ನನ್ನ ಪಾಸ್‌ಪೋರ್ಟ್ ಮುಗಿಯೋಕೆ ಇನ್ನೂ ನಾಲ್ಕು ತಿಂಗಳಿದೆ. ಬಂದ್ಮೇಲೆ ರಿನ್ಯೂ ಮಾಡಿಸಿದ್ರಾಯ್ತು ಅಂತಾರೆ ನಮ್ಮನೆಯವರು. ತೊಂದ್ರೆ ಏನಿಲ್ಲ ತಾನೆ?

ಉತ್ತರ: ತೊಂದ್ರೆ ಇದೆ, ಅದಕ್ಕೇ ನಿಮ್ಮ ಪತ್ರಾನೇ ಮೊದಲು ಎತ್ಕೊಂಡೆ. ಪಾಸ್‌ಪೋರ್ಟಲ್ಲಿ ಅಚ್ಚಾಗಿರೋ ಕೊನೇ ದಿನದವರೆಗೂ ಅದು ನಡೆಯತ್ತೆ ಅಂತ ಸುಮಾರು ಜನ ನಂಬಿರ್ತಾರೆ. ಆದ್ರೆ ಸಿಂಗಾಪುರ, ಮಲೇಷ್ಯಾ, ಇಂಡೋನೇಷ್ಯಾ ಇಂಥಾ ದೇಶಗಳು ನೀವು ಅಲ್ಲಿ ಇಳಿಯೋ ದಿನಕ್ಕೆ ಇನ್ನೂ 6 ತಿಂಗಳು ಬಾಕಿ ಇರ್ಲೇಬೇಕು ಅಂತ ಕೇಳ್ತಾವೆ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳಲ್ಲಿ ಲೆಕ್ಕ ಬೇರೆ, ಅಲ್ಲಿಂದ ಹೊರಡೋ ದಿನದಿಂದ ಮುಂದಕ್ಕೆ 3 ತಿಂಗಳು ಇರ್ಬೇಕು, ಜೊತೆಗೆ ಆ ಪಾಸ್‌ಪೋರ್ಟ್ ಕೊಟ್ಟು 10 ವರ್ಷ ದಾಟಿರಬಾರದು, ವೀಸಾ ಹಾಕಿಸೋದಾದ್ರೆ ಖಾಲಿ ಪುಟ ಕೊನೇಪಕ್ಷ ಎರಡಾದ್ರೂ ಬೇಕು.

ಇನ್ನೊಂದು ವಿಷ್ಯ, ನಿಮ್ಮನ್ನ ತಡೆಯೋದು ಆ ದೇಶದ ಆಫೀಸರೇ ಆಗ್ಬೇಕಂತಿಲ್ಲ, ಹೊರಡೋ ಕಡೆ ಚೆಕ್-ಇನ್ ಕೌಂಟರಲ್ಲೇ ತಡೀತಾರೆ. ಯಾವ ದೇಶಕ್ಕೆ ಯಾವ ಕಾಗದ ಬೇಕು ಅಂತ ನೋಡೋಕೆ ಏರ್‌ಲೈನ್ಸ್‌ನವರ ಹತ್ರ ಟಿಮ್ಯಾಟಿಕ್ ಅಂತ ಒಂದು ಡೇಟಾಬೇಸ್ ಇರತ್ತೆ. ಕಾಗದ ಸರಿ ಇಲ್ಲದವರನ್ನ ಕರ್ಕೊಂಡು ಹೋದ್ರೆ ವಾಪಸ್ ತರೋ ಜವಾಬ್ದಾರಿ ಅವರದೇ, ಎಷ್ಟೋ ಕಡೆ ದಂಡಾನೂ ಬೀಳತ್ತೆ, ಹಾಗಾಗಿ ಅಲ್ಲಿ ಕೈ ಮುಗಿದ್ರೂ ಕೆಲಸ ಆಗಲ್ಲ. ನನ್ನ ತಂಗಿ ಮನೆಯವರಿಗೆ ಹೀಗೇ ಆಯ್ತು. ದೊಡ್ಡವರಿಬ್ಬರದ್ದೂ ಸರಿ ಇತ್ತು, ಮಗೂದು ಐದೇ ತಿಂಗಳು ಬಾಕಿ. ಮಕ್ಕಳ ಪಾಸ್‌ಪೋರ್ಟ್ ದೊಡ್ಡವರದ್ದಕ್ಕಿಂತ ಬೇಗ ಮುಗಿಯತ್ತೆ ಅನ್ನೋದು ಅವರ ತಲೇಗೇ ಬಂದಿರ್ಲಿಲ್ಲ. ಕೌಂಟರಲ್ಲಿದ್ದ ಹುಡುಗಿ ಮಗೂನ ಪಾಸ್‌ಪೋರ್ಟ್ ತೆಗೆದು, ಆ ತಾರೀಖಿನ ಕೆಳಗೆ ಬೆರಳಿಟ್ಟು, ಒಂದೊಂದೇ ತಿಂಗಳು ಎಣಿಸಿ ತೋರಿಸಿದ್ಲಂತೆ. ಬೆಲ್ಟ್ ಮೇಲಿಟ್ಟಿದ್ದ ಸೂಟ್‌ಕೇಸ್ ಇಳಿಸ್ಕೊಂಡು ಮನೆಗೆ ಬಂದ್ರು. ನೀವು ಈಗ್ಲೇ ರಿನ್ಯೂಗೆ ಹಾಕಿ, ಹೊಸ ನಂಬರ್ ಬಂದ್ಮೇಲೇ ವೀಸಾಗೆ ಅರ್ಜಿ ಹಾಕಿ.

ಪ್ರಶ್ನೆ: ಸರ್/ಮೇಡಂ, ಷೆಂಗೆನ್ ವೀಸಾ ಬಂದಿದೆ. ಅದರಲ್ಲಿ 1ನೇ ತಾರೀಖಿಂದ 25ರವರೆಗೆ ಅಂತಿದೆ, ಆದ್ರೆ ಪಕ್ಕದಲ್ಲಿ 10 ದಿನ ಅಂತಾನೂ ಇದೆ. ಯಾವುದು ನಂಬ್ಬೇಕು? ಮಧ್ಯೆ ಎರಡು ದಿನ ಲಂಡನ್ನಿಗೂ ಹೋಗ್ಬರೋ ಆಸೆ.

ಉತ್ತರ: ಎರಡೂ ನಂಬಿ. 1ರಿಂದ 25 ಅನ್ನೋದು ಬಾಗಿಲು ತೆಗೆದಿರೋ ಸಮಯ, ಒಳಗೆ ಇರೋಕೆ ಬಿಟ್ಟಿರೋದು ಮಾತ್ರ 10 ದಿನ. ಆ 10 ದಿನದಲ್ಲಿ ಇಳಿದ ದಿನ, ಹೊರಟ ದಿನ ಎರಡೂ ಸೇರತ್ತೆ, ರಾತ್ರಿ 11:50ಕ್ಕೆ ಇಮಿಗ್ರೇಶನ್ ದಾಟಿದ್ರೂ ಅದೊಂದು ಪೂರ್ತಿ ದಿನಾನೇ. ವಾಪಸ್ ಫ್ಲೈಟ್ ಮಧ್ಯರಾತ್ರಿ ಆದ್ಮೇಲೆ ಇದ್ರೆ ಇನ್ನೊಂದು ಸಲ ಎಣಿಸಿ ನೋಡಿ, ಅಲ್ಲೇ ಜನ ಎಡವೋದು.

ಲಂಡನ್ ವಿಷ್ಯ ಬೇರೆ. ಬ್ರಿಟನ್ ಆಗ್ಲಿ ಐರ್ಲೆಂಡ್ ಆಗ್ಲಿ ಷೆಂಗೆನ್ ಒಳಗೆ ಬರಲ್ಲ, ಅಲ್ಲಿಗೆ ಅವರದೇ ಪರ್ಮಿಶನ್ ಬೇಕು. ನಿಮ್ಮ ಷೆಂಗೆನ್ ವೀಸಾ ಸ್ಟಿಕರಲ್ಲಿ ಎಷ್ಟು ಸಲ ಪ್ರವೇಶ ಅನ್ನೋ ಜಾಗದಲ್ಲಿ 01 ಅಂತಿದ್ರೆ, ಪ್ಯಾರಿಸ್ಸಿಂದ ಲಂಡನ್ನಿಗೆ ಹೋದ್ರೆ ವಾಪಸ್ ಪ್ಯಾರಿಸ್ಸಿಗೆ ಬರೋ ಹಾಗಿಲ್ಲ. ಹಾಗಿದ್ರೆ ಲಂಡನ್ನನ್ನ ಕೊನೇಗಿಟ್ಕೊಂಡು ಅಲ್ಲಿಂದ್ಲೇ ಮನೆಗೆ ಟಿಕೆಟ್ ಮಾಡಿ. ವೀಸಾ ಸಿಕ್ಕಿದೆ ಅಂದ್ರೂ ಒಳಗೆ ಬಿಡೋದು ಬಾರ್ಡರಲ್ಲಿರೋ ಆಫೀಸರ್ ನಿರ್ಧಾರ, ಆದ್ದರಿಂದ ಹೋಟೆಲ್ ಬುಕಿಂಗ್, ರಿಟರ್ನ್ ಟಿಕೆಟ್, ಇನ್ಶೂರೆನ್ಸ್ ಕಾಗದ ಪ್ರಿಂಟ್ ತಗೊಂಡು ಕೈಬ್ಯಾಗಲ್ಲಿ ಇಟ್ಕೊಳಿ. ಫೋನಲ್ಲಿದೆ ಬಿಡಿ ಅನ್ಬೇಡಿ, ಹದಿನಾಲ್ಕು ಗಂಟೆ ಫ್ಲೈಟ್ ಆದ್ಮೇಲೆ ಚಾರ್ಜ್ ಇರಲ್ಲ.

ಪ್ರಶ್ನೆ: ಒಂದು ವಾರಕ್ಕೆ ಟ್ರಾವೆಲ್ ಇನ್ಶೂರೆನ್ಸ್ ಯಾಕೆ? ವೀಸಾಗೆ ಕೇಳ್ತಾರಲ್ಲ ಅಂತ ಎಲ್ಲಕ್ಕಿಂತ ಕಮ್ಮೀದು ತಗೊಂಡ್ರೆ ಸಾಕಾ? ನನಗೆ ಬಿಪಿ ಇದೆ, ಮಾತ್ರೆ ತಗೋತೀನಿ, ಅದನ್ನ ಫಾರ್ಮಲ್ಲಿ ಹೇಳ್ಲೇಬೇಕಾ?

ಉತ್ತರ: ಹೇಳ್ಲೇಬೇಕು. ದಯವಿಟ್ಟು ಮುಚ್ಚಿಡ್ಬೇಡಿ. ಅಲ್ಲಿ ಎದೆನೋವು ಅಂತ ಅಡ್ಮಿಟ್ ಆದ್ರೆ ಕಂಪನಿಯವರು ನಿಮ್ಮ ಹಳೇ ರಿಪೋರ್ಟ್ ಕೇಳ್ತಾರೆ, ಮೊದಲೇ ಇದ್ದ ಕಾಯಿಲೆ ಹೇಳಿಲ್ಲ ಅಂತ ಗೊತ್ತಾದ್ರೆ ಕ್ಲೇಮ್ ಪೂರ್ತಿ ರಿಜೆಕ್ಟ್ ಆಗ್ಬೋದು. ಹೇಳಿದ್ರೆ ಪ್ರೀಮಿಯಂ ಸ್ವಲ್ಪ ಜಾಸ್ತಿ ಆಗ್ಬೋದು, ಆಗ್ಲಿ ಬಿಡಿ.

ಷೆಂಗೆನ್ ವೀಸಾಗೆ ಕೇಳೋ ಕವರ್ ಕನಿಷ್ಠ 30,000 ಯೂರೋ, ಅದು ಆ ಎಲ್ಲಾ ದೇಶಗಳಲ್ಲೂ ನೀವಿರೋ ಅಷ್ಟೂ ದಿನ ನಡೀಬೇಕು, ತುರ್ತು ಚಿಕಿತ್ಸೆ, ಆಸ್ಪತ್ರೆ ಖರ್ಚು, ಕಾಯಿಲೆ ಬಿದ್ರೆ ಅಥವಾ ಆಗಬಾರದ್ದು ಆಗಿ ಜೀವ ಹೋದ್ರೆ ಊರಿಗೆ ತರೋ ಖರ್ಚು, ಇಷ್ಟೂ ಸೇರಿರ್ಬೇಕು. ಕೊನೇದನ್ನ ಓದೋಕೆ ಯಾರಿಗೂ ಇಷ್ಟ ಆಗಲ್ಲ, ಆದ್ರೆ ಸಾಮಾನ್ಯ ಮನೆಯವರು ಕೈಯಿಂದ ಹಾಕೋಕೆ ಆಗದೇ ಇರೋ ಖರ್ಚು ಅದೇನೇ, ಸ್ಟ್ರೆಚರ್ ಹಾಕ್ಬೇಕು ಅಂದ್ರೆ ವಿಮಾನದಲ್ಲಿ ಎಷ್ಟೋ ಸೀಟು ತೆಗೀಬೇಕಾಗತ್ತೆ, ಜೊತೆಗೆ ನರ್ಸ್ ಬರ್ಬೇಕು. ಅಮೆರಿಕದಂಥ ಕಡೆ ಆಸ್ಪತ್ರೆ ಬಿಲ್ ಸಿಕ್ಕಾಪಟ್ಟೆ ಇರೋದ್ರಿಂದ ಅಲ್ಲಿಗೆ 30,000 ಏನೂ ಸಾಲಲ್ಲ, ದೊಡ್ಡ ಕವರೇ ತಗೊಳಿ.

ಬೆಲೆ ನೋಡೋಕೆ ಮುಂಚೆ ಏನೇನು ಕೊಡಲ್ಲ ಅನ್ನೋ ಪುಟ ಓದಿ. ಕುಡಿದು ಬಿದ್ರೆ ಕೊಡಲ್ಲ, ಸ್ಕೂಬಾ, ಸ್ಕೀಯಿಂಗ್‌ಗೆ ಎಷ್ಟೋ ಪಾಲಿಸೀಲಿ ಬೇರೆ ದುಡ್ಡು ಕಟ್ಬೇಕು, ಲೈಸೆನ್ಸ್ ಇಲ್ದೆ ಬಾಡಿಗೆ ಸ್ಕೂಟರ್ ಓಡಿಸಿ ಬಿದ್ರೂ ಕೈ ಎತ್ತಿಬಿಡ್ತಾರೆ. ಡಿಡಕ್ಟಿಬಲ್ ಅಂತ ಒಂದು ಸಾಲಿರತ್ತೆ, ಅಷ್ಟು ದುಡ್ಡು ಮೊದ್ಲು ನಿಮ್ಮ ಜೇಬಿಂದ್ಲೇ ಹೋಗೋದು.

ಏನಾದ್ರೂ ಆದ್ರೆ ಮೊದಲು ಪಾಲಿಸಿ ಮೇಲಿರೋ 24 ಗಂಟೆ ನಂಬರಿಗೆ ಫೋನ್ ಮಾಡಿ. ನಮ್ಮಪ್ಪ ಹೋಟೆಲ್ ಬಾತ್‌ರೂಮಲ್ಲಿ ಜಾರಿ ಮಣಿಕಟ್ಟು ಮುರ್ಕೊಂಡಾಗ ಗಾಬರೀಲಿ ನಾವು ಫೋನೇ ಮಾಡ್ಲಿಲ್ಲ, ಕಾರ್ಡ್ ಉಜ್ಜಿ ಬಿಲ್ ಕಟ್ಟಿ ಆ ಸಣ್ಣ ಚೀಟಿ ಮಾತ್ರ ಜೇಬಿಗೆ ಹಾಕ್ಕೊಂಡು ಬಂದ್ವಿ. ಡಾಕ್ಟರ್ ಬರೆದ ರಿಪೋರ್ಟ್ ಎಲ್ಲಿ, ವಿವರ ಇರೋ ಬಿಲ್ ಎಲ್ಲಿ ಅಂತ ಕಂಪನಿಯವರು ಕೇಳಿದ್ರು, ಅವನ್ನ ಆ ಆಸ್ಪತ್ರೆಯಿಂದ ತರ್ಸ್ಕೊಳೋಕೆ ಮೂರು ತಿಂಗಳು ಮೇಲ್ ಬರೆದಿದ್ದೇ ಬರೆದಿದ್ದು.

ಪ್ರಶ್ನೆ: ಲಗೇಜ್ ಬರ್ಲಿಲ್ಲ ಅಂದ್ರೆ?

ಉತ್ತರ: ಏರ್‌ಪೋರ್ಟ್ ಬಿಡೋಕೆ ಮುಂಚೆ ಲಗೇಜ್ ಕೌಂಟರಲ್ಲಿ ಪಿಐಆರ್ ಅನ್ನೋ ದೂರು ಬರೆಸಿ, ನಂಬರ್ ಇಸ್ಕೊಳಿ. ಅದಿಲ್ದೆ ಇನ್ಶೂರೆನ್ಸ್ ಕ್ಲೇಮ್ ಎಬ್ಬಿಸೋದು ಕಷ್ಟ. ಏರ್‌ಲೈನ್ಸಿಗೆ ಬರವಣಿಗೇಲಿ ದೂರು ಕೊಡೋಕೆ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಬ್ಯಾಗ್ ಒಡೆದಿದ್ರೆ 7 ದಿನ, ತಡವಾಗಿ ಬಂದ್ರೆ ಕೈಗೆ ಸಿಕ್ಕಿದ ದಿನದಿಂದ 21 ದಿನ ಟೈಮ್ ಇದೆ. ಕಳ್ಳತನ ಆದ್ರೆ ಅಲ್ಲಿನ ಪೊಲೀಸ್ ರಿಪೋರ್ಟ್ ಬೇಕು.

ಪ್ರಶ್ನೆ: ನಾನೊಬ್ಳೇ ಮಗಳನ್ನ ಕರ್ಕೊಂಡು ಹೋಗ್ತಿದೀನಿ, ಅವರಪ್ಪ ಬರಲ್ಲ. ಮಗಳಿಗೆ ಶೀತದ ಮಾತ್ರೆಗಳೂ ತಗೊಂಡು ಹೋಗ್ಬೇಕು.

ಉತ್ತರ: ಅವರಪ್ಪನಿಂದ ಒಪ್ಪಿಗೆ ಪತ್ರ ಬರೆಸಿ, ಎಲ್ಲಿಗೆ, ಯಾವತ್ತಿಂದ ಯಾವತ್ತಿನವರೆಗೆ, ಅವರ ಫೋನ್ ನಂಬರ್ ಎಲ್ಲಾ ಇರ್ಲಿ, ನೋಟರಿ ಮಾಡಿಸಿದ್ರೆ ಇನ್ನೂ ಒಳ್ಳೇದು. ಮಗಳ ಜನನ ಪ್ರಮಾಣಪತ್ರಾನೂ ಜೊತೇಲಿರ್ಲಿ, ನಿಮ್ಮಿಬ್ಬರ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಬೇರೆ ಬೇರೆ ಇದ್ರಂತೂ ಮರೀಬೇಡಿ. ಮಾತ್ರೆ ಡಬ್ಬಿಗೆ ಸುರ್ಕೊಂಡು ಹೋಗ್ಬೇಡಿ, ಸ್ಟ್ರಿಪ್ ಸಮೇತ, ಡಾಕ್ಟರ್ ಚೀಟಿ ಸಮೇತ ಇಟ್ಕೊಳಿ. ಜಪಾನಿಗೆ ಹೋಗೋದಾದ್ರೆ ಸ್ಟ್ರಿಪ್ ಹಿಂದೆ ಸೂಡೋಎಫೆಡ್ರಿನ್ ಅಂತಿದ್ಯಾ ನೋಡಿ, 10%ಗಿಂತ ಜಾಸ್ತಿ ಇದ್ರೆ ಅಲ್ಲಿಗೆ ತಗೊಂಡು ಹೋಗೋ ಹಾಗೇ ಇಲ್ಲ, ಶೀತದ ಎಷ್ಟೋ ಮಾತ್ರೇಲಿ ಅದಿರತ್ತೆ. ಅಂಥದ್ದಾದ್ರೆ ಮನೇಲೇ ಬಿಟ್ಟು, ಬೇರೆ ಬರ್ಕೊಡಿ ಅಂತ ಡಾಕ್ಟರನ್ನ ಕೇಳಿ.