ಕೊಡಗಿನಲ್ಲೇ ಇದ್ದುಕೊಂಡು ಪ್ರೆಪ್ ಮಾತ್ರೆ ತಗೊಳ್ಳಬಹುದಾ?

ವಿರಾಜಪೇಟೆ ಕಡೆಯವನು, ಎಚ್‌ಐವಿ ಬರದಂತೆ ತಡೆಯುವ ಪ್ರೆಪ್ ಮಾತ್ರೆ ಶುರು ಮಾಡಬೇಕು, ಇಲ್ಲಿ ಎಲ್ಲರೂ ಗುರುತಿನವರೇ, ಪ್ರತಿ ಸಲ ಬೆಂಗಳೂರಿಗೆ ಓಡಬೇಕಾ ಎಂದು ಕೇಳಿದ್ದೀರಿ. ಬೇಡ. ಎರಡು ವರ್ಷದಿಂದ ನಾನು ಇಲ್ಲಿದ್ದುಕೊಂಡೇ ತಗೊಳ್ಳುತ್ತಿದ್ದೇನೆ. ಮಾತ್ರೆಗಿಂತ ಕಷ್ಟ, ಮುಚ್ಚುಮರೆ ಇಲ್ಲದೆ ಮಾತಾಡಬಹುದಾದ ಡಾಕ್ಟರ್ ಸಿಗುವುದು.

ಮೊದಲು ಹೋದದ್ದು ಹತ್ತಿರದ ಒಂದು ಕ್ಲಿನಿಕ್‌ಗೆ. ವಿಷಯ ಶುರು ಮಾಡುವ ಮೊದಲೇ ಡಾಕ್ಟರ್, "ಮನೆ ಹೆಸರು ಏನು?" ಎಂದರು. ನಿಮಗೆ ಗೊತ್ತಲ್ವಾ, ನಮ್ಮಲ್ಲಿ ಅದಕ್ಕೆ ಉತ್ತರ ಕೊಟ್ಟರೆ ಅಜ್ಜನ ತನಕ ಎಲ್ಲ ಹೊರಗೆ ಬರುತ್ತದೆ. ಹೊರಗಿನ ಬೆಂಚಿನಲ್ಲಿ ನಮ್ಮ ತೋಟದ ರೈಟರ್ ಬೇರೆ ಕೂತಿದ್ದ. ಸುಮ್ನೆ ಶೀತಕ್ಕೆ ಮಾತ್ರೆ ಬರೆಸಿಕೊಂಡು ಎದ್ದು ಬಂದೆ.

ಆಮೇಲೆ 1097ಕ್ಕೆ ಫೋನ್ ಮಾಡಿದೆ. ಏಡ್ಸ್ ಸಹಾಯವಾಣಿ, ದುಡ್ಡು ಬೀಳುವುದಿಲ್ಲ. ಅವರ ಮಾತು ಕೇಳಿ ಮಡಿಕೇರಿ ಜಿಲ್ಲಾಸ್ಪತ್ರೆಯ ಐಸಿಟಿಸಿಗೆ, ಅಂದರೆ ಎಚ್‌ಐವಿ ಟೆಸ್ಟ್ ಮಾಡಿ ಸಲಹೆ ಕೊಡುವ ಕೇಂದ್ರಕ್ಕೆ ಹೋದೆ. ಎಚ್‌ಐವಿ ಟೆಸ್ಟ್ ಅಲ್ಲಿ ಉಚಿತ. ಕೌನ್ಸೆಲರ್ ಮೇಡಂ ಬಾಗಿಲು ಹಾಕಿ ಕೂತರು. ಗಂಡಸರ ಜೊತೆ ಸಂಬಂಧ ಇದೆ ಎಂದೆ. ಅವರ ಪೆನ್ನು ನಿಲ್ಲಲೂ ಇಲ್ಲ. "ಕಾಂಡೋಮ್ ಬಳಸ್ತೀರಾ?" ಎಂದು ಮುಂದಿನ ಪ್ರಶ್ನೆಗೆ ಹೋದರು. 2017ರ ಎಚ್‌ಐವಿ ಕಾಯ್ದೆ ಇದೆ, ನೀವು ಒಪ್ಪದೆ ಟೆಸ್ಟ್ ಮಾಡುವಂತಿಲ್ಲ, ರಿಸಲ್ಟನ್ನು ಊರಿಗೆಲ್ಲ ಹೇಳುವಂತೆಯೂ ಇಲ್ಲ.

ಮೊದಲ ಚೀಟಿ ಬರೆದದ್ದು ಮೈಸೂರಿನ ಒಬ್ಬ ಡಾಕ್ಟರ್. ಟೆನೊಫೊವಿರ್, ಎಮ್‌ಟ್ರಿಸಿಟಾಬಿನ್ ಎರಡೂ ಸೇರಿದ ಒಂದು ಮಾತ್ರೆ, ದಿನಕ್ಕೊಂದು. ಶುರು ಮಾಡುವ ಮೊದಲು ಎಚ್‌ಐವಿ ಇಲ್ಲ ಎಂದು ಖಾತ್ರಿ ಆಗಬೇಕು. ಕಿಡ್ನಿ ಸರಿ ಇದೆಯಾ ನೋಡಲು ಕ್ರಿಯಾಟಿನಿನ್, ಜೊತೆಗೆ ಹೆಪಟೈಟಿಸ್ ಬಿ ಟೆಸ್ಟ್ ಕೂಡ. ಹೆಪಟೈಟಿಸ್ ಬಿ ಇದ್ದವರು ಈ ಮಾತ್ರೆ ತಟ್ಟನೆ ಬಿಟ್ಟರೆ ಲಿವರ್‌ಗೆ ತೊಂದರೆ ಆಗಬಹುದು. ಆಮೇಲೆ ಮೂರು ತಿಂಗಳಿಗೊಮ್ಮೆ ಎಚ್‌ಐವಿ ಟೆಸ್ಟ್. ನಾನು ಮಡಿಕೇರಿಯಲ್ಲೇ ಮಾಡಿಸುತ್ತೇನೆ.

ಈ ಮೂರು ತಿಂಗಳ ಓಡಾಟದಿಂದ ಇನ್ನೊಂದು ಲಾಭ ಆಯಿತು. ಮರ ಕಪಾತು ಮಾಡುವಾಗ ಬಿದ್ದರೆ ಮಾತ್ರ ಆಸ್ಪತ್ರೆ ಕಾಣುವ ಜನ ನಾವು. ಮೂರನೇ ಸಲ ಹೋದಾಗ ನನ್ನ ಬಿಪಿ ಜಾಸ್ತಿ ಇರುವುದು ಗೊತ್ತಾಯಿತು. ಈಗ ಅದನ್ನು ನೋಡುವ ಡಾಕ್ಟರ್ ಗೋಣಿಕೊಪ್ಪದಲ್ಲೇ ಇದ್ದಾರೆ, ಪ್ರೆಪ್ ಚೀಟಿಯನ್ನೂ ಅವರೇ ಬರೆಯುತ್ತಾರೆ.

ಮೊದಲ ವಾರ ಸ್ವಲ್ಪ ಹೊಟ್ಟೆ ತೊಳಸುತ್ತಿತ್ತು, ಆಮೇಲೆ ಏನಿಲ್ಲ. ಸಿಫಿಲಿಸ್, ಗೊನೊರಿಯಾದಂಥ ಲೈಂಗಿಕ ರೋಗ ಈ ಮಾತ್ರೆಯಿಂದ ನಿಲ್ಲುವುದಿಲ್ಲ, ಅದಕ್ಕೆ ಕಾಂಡೋಮೇ ಬೇಕು. ನಿನ್ನೆ ಮೊನ್ನೆ ಏನಾದರೂ ಆಗಿದ್ದರೆ ನಿಮಗೆ ಬೇಕಾದ್ದು ಪ್ರೆಪ್ ಅಲ್ಲ, ಪೆಪ್, ಅಂದರೆ ಎಚ್‌ಐವಿ ತಗುಲಿರಬಹುದು ಎಂದಾದ ಮೇಲೆ ತಗೊಳ್ಳುವ ಮಾತ್ರೆ. 72 ಗಂಟೆಯೊಳಗೆ ಶುರು ಮಾಡಿ 28 ದಿನ ತಗೊಳ್ಳಬೇಕು. ಹಾಗಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಈಗಲೇ ಸರಕಾರಿ ಆಸ್ಪತ್ರೆಗೆ ಹೋಗಿ.

ಮಳೆಗಾಲಕ್ಕೆ ಸೌದೆ, ಒಣಮೀನು ತುಂಬಿಸಿಡುವಾಗ ಒಂದು ಬಾಟಲಿ ಮಾತ್ರೆಯನ್ನೂ ಜಾಸ್ತಿ ತಂದಿಡಿ. ರಸ್ತೆ ಯಾವಾಗ ಮುಚ್ಚುತ್ತದೋ ಹೇಳಲಾಗದು.

ಬಾಟಲಿ ಚೀಲದಲ್ಲಿ ಲೊಡಲೊಡ ಸದ್ದು ಮಾಡುತ್ತದೆ, ಹತ್ತಿ ತುರುಕಿ. ನಾನು ತುರುಕಿರಲಿಲ್ಲ. ಅತ್ತಿಗೆ ಏನದು ಎಂದರು, ವಿಟಮಿನ್ ಎಂದೆ. ಈಗ ಅವರಿಗೂ ಅದೇ ಬೇಕಂತೆ.