ಗಡಿಯೇ ದಾಟಿಹೋದವರು

ಪ್ರಶ್ನೆ: ಅಮೆರಿಕದ ‘ಲ್ಯಾಟಿನೆಕ್ಸ್’ ಲೇಖಕರ ಕೆಲವು ಪ್ರಬಂಧಗಳನ್ನು ಓದಿದೆ. ಈ ಹೆಸರಿನ ಅರ್ಥವೇನು? ತಮ್ಮ ಬದುಕನ್ನು ಹೇಳಹೊರಟವರು ಮತ್ತೆ ಮತ್ತೆ ಭಾಷೆಯ ವಿಷಯಕ್ಕೇ ಬಂದು ನಿಲ್ಲುವುದೇಕೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಹೆಸರಿನ ವಿಚಾರವನ್ನು ಮೊದಲು ಮುಗಿಸಿಬಿಡೋಣ. ಸ್ಪ್ಯಾನಿಷ್‌ನಲ್ಲಿ ಲ್ಯಾಟಿನ್ ಅಮೆರಿಕ ಮೂಲದ ಗಂಡಸು ‘ಲ್ಯಾಟಿನೊ’, ಹೆಂಗಸು ‘ಲ್ಯಾಟಿನಾ’; ಇಬ್ಬರೂ ಕೂಡಿದ ಗುಂಪಿಗೆ ಪುಲ್ಲಿಂಗ ರೂಪವೇ ಸಲ್ಲುತ್ತದೆ. ನಮ್ಮ ‘ಅವರು’ ಎಂಬಂಥ ಅನುಕೂಲ ಅಲ್ಲಿಲ್ಲದ್ದರಿಂದ ಕೊನೆಯ ಸ್ವರವನ್ನು ತೆಗೆದು ‘ಎಕ್ಸ್’ ಇಟ್ಟರು. ಆದರೆ 2020ರಲ್ಲಿ ಪ್ಯೂ ಸಂಶೋಧನಾ ಕೇಂದ್ರ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಅಮೆರಿಕದಲ್ಲಿರುವ ಈ ಮೂಲದವರ ಪೈಕಿ ತಮ್ಮನ್ನು ಹಾಗೆ ಕರೆದುಕೊಳ್ಳುವವರು ಶೇ 3ರಷ್ಟು ಮಾತ್ರ.

ಇನ್ನು ಭಾಷೆ. ಇವರೆಲ್ಲರೂ ವಲಸೆ ಬಂದವರ ಮಕ್ಕಳಲ್ಲ. 1848ರ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದದಿಂದ ಮೆಕ್ಸಿಕೊದ ಉತ್ತರದ ಸೀಮೆ ಅಮೆರಿಕದ ಪಾಲಾದಾಗ, ಅಲ್ಲಿದ್ದವರು ಕೂತಲ್ಲೇ ಪರದೇಶದವರಾದರು. ‘ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು’ ಎಂಬ ಮಾತು ಅವರಲ್ಲಿ ಬಳಕೆಯಲ್ಲಿದೆ. ಊರು ಬಿಡದವರನ್ನೂ ಹೊರಗಿನವರೆಂದು ಗುರುತಿಸಲು ಬಾಯಿ ತೆರೆಸಿದರೆ ಸಾಕಿತ್ತು.

ದಕ್ಷಿಣ ಟೆಕ್ಸಾಸ್‌ನ ಲೇಖಕಿ ಗ್ಲೋರಿಯಾ ಅನ್ಸಾಲ್ದುವಾ ತಮ್ಮ ‘ಬಾರ್ಡರ್‌ಲ್ಯಾಂಡ್ಸ್’ (1987) ಕೃತಿಯ ಒಂದು ಪ್ರಬಂಧವನ್ನು ಆರಂಭಿಸುವುದೇ ಹಲ್ಲಿನ ವೈದ್ಯನ ಕುರ್ಚಿಯಿಂದ: ವೈದ್ಯ ಹತ್ತಿ ತುರುಕಿದಷ್ಟೂ ಅವರ ನಾಲಿಗೆ ಅದನ್ನು ಹೊರದೂಡುತ್ತದೆ, ಈ ನಾಲಿಗೆಗೆ ಕಡಿವಾಣ ಹಾಕಬೇಕೆಂದು ಆತ ಸಿಡಿಮಿಡಿಗೊಳ್ಳುತ್ತಾನೆ. ಮುಂದೆಯೇ, ಶಾಲೆಯ ಬಿಡುವಿನ ವೇಳೆ ಸ್ಪ್ಯಾನಿಷ್ ಆಡಿದ್ದಕ್ಕೆ ಬೆರಳ ಗೆಣ್ಣುಗಳ ಮೇಲೆ ಬಿದ್ದ ರೂಲರ್ ಏಟುಗಳ ನೆನಪು ಬರುತ್ತದೆ. ತನ್ನ ಭಾಷೆಯನ್ನು ಜರೆಯುವುದೆಂದರೆ ತನ್ನನ್ನೇ ಜರೆಯುವುದು ಎಂಬುದು ಅವರ ನಿಲುವು. ಅದಕ್ಕೆ ತಕ್ಕಂತೆ ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ಗಳನ್ನು ಒಂದೇ ಪುಟದಲ್ಲಿ ಬೆರೆಸಿ ಬರೆದರು.

ಮೆಕ್ಸಿಕೊದಿಂದ ವಲಸೆ ಬಂದವರ ಮಗನಾದ ಲೇಖಕ ರಿಚರ್ಡ್ ರೊಡ್ರಿಗೆಸ್ ಅವರದು ಇದಕ್ಕೆ ತದ್ವಿರುದ್ಧವಾದ ನಿಲುವು. ‘ಹಂಗರ್ ಆಫ್ ಮೆಮರಿ’ (1982) ಕೃತಿಯಲ್ಲಿ ಅವರು ಶಾಲೆಗಳಲ್ಲಿ ಸ್ಪ್ಯಾನಿಷ್ ಬಳಸುವುದನ್ನೇ ವಿರೋಧಿಸುತ್ತಾರೆ. ಈ ವಾದವನ್ನು ನಾನು ಒಪ್ಪುವುದಿಲ್ಲ. ಆದರೆ ಕಳೆದುಕೊಂಡದ್ದರ ಲೆಕ್ಕವನ್ನು ಅವರಷ್ಟು ಪ್ರಾಮಾಣಿಕವಾಗಿ ಕೊಟ್ಟವರು ವಿರಳ. ಅವರು ಚಿಕ್ಕವರಿದ್ದಾಗ, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ, ಅವರ ಕ್ಯಾಥೊಲಿಕ್ ಶಾಲೆಯ ಸನ್ಯಾಸಿನಿಯರು ಮನೆಗೇ ಬಂದು, ಮಕ್ಕಳೊಡನೆ ಇಂಗ್ಲಿಷಿನಲ್ಲೇ ಮಾತನಾಡಿರೆಂದು ಹೆತ್ತವರಿಗೆ ಹೇಳಿದರು. ಅವರು ಕೂಡಲೇ ಒಪ್ಪಿದರು. ಮನೆ ಬರಬರುತ್ತ ಮೌನವಾಯಿತು. ‘ಮಮಾ’, ‘ಪಪಾ’ ಎನ್ನಲು ಹುಡುಗನಿಗೆ ನಾಲಿಗೆ ಏಳದು, ಇಂಗ್ಲಿಷಿನ ಸಂಬೋಧನೆಗಳೂ ಹೊಂದವು. ಕೊನೆಗೆ ತಂದೆತಾಯಿಯನ್ನು ಕರೆಯಬೇಕಾದಾಗ ಅವನು ಅವರ ಕಣ್ಣು ತನ್ನತ್ತ ಹೊರಳಲೆಂದು ಸುಮ್ಮನೆ ನೋಡುತ್ತಿದ್ದ.